ಹೊಸ ಗಂಡು ಮುಸುವ ಬಂದ ಮೇಲೆ ಮರಿಗಳು ಏಕೆ ಸಾಯುತ್ತಿವೆ?

ಪ್ರಶ್ನೆ – ಹಳಿಯಾಳ ರಸ್ತೆಯ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಹಳಿಯಾಳದ ಕಡೆಗೆ ಹೋಗುವ ರಸ್ತೆಯ ಒಳಭಾಗದ ಹಳ್ಳಿಯೊಂದರಲ್ಲಿ ನಾನು ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದೇನೆ. ಶಾಲೆಯ ಹಿಂದೆ ಹುಣಸೆಯ ತೋಪು, ಅದಕ್ಕೆ ಹೊಂದಿಕೊಂಡು ಹನುಮಪ್ಪನ ಗುಡಿ, ಅದರಾಚೆ ಸಾಗುವಾನಿಯ ಕಾಡು ಇವೆ. ಆ ತೋಪಿನಲ್ಲಿ ಕರಿಮುಖದ ಮುಸುವಗಳ ಒಂದು ಗುಂಪು ಹಲವು ವರ್ಷಗಳಿಂದ ನೆಲೆಸಿದೆ. ಒಂದು ದೊಡ್ಡ ಗಂಡು, ಒಂಬತ್ತು ಹೆಣ್ಣುಗಳು ಮತ್ತು ಬೇರೆ ಬೇರೆ ವಯಸ್ಸಿನ ಮರಿಗಳು ಅದರಲ್ಲಿದ್ದವು. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳೊಂದಿಗೆ ಕುಳಿತು ಅವುಗಳನ್ನು ನೋಡುವುದು, ಯಾವ ಮರಿ ಯಾವ ತಾಯಿಯದೆಂದು ಪಟ್ಟಿ ಮಾಡುವುದು ನಮ್ಮ ಶಾಲೆಯ ಅಭ್ಯಾಸವಾಗಿರುವುದರಿಂದ ನಾನು ಮುಂದೆ ಬರೆಯುತ್ತಿರುವುದು ಕೇಳಿದ ಮಾತಲ್ಲ, ಕಣ್ಣಾರೆ ಕಂಡದ್ದು.

ಫೆಬ್ರುವರಿಯ ಕೊನೆಯ ವಾರದಲ್ಲಿ ಐದಾರು ಅಪರಿಚಿತ ಗಂಡುಗಳು ಕಾಡಿನ ಕಡೆಯಿಂದ ಬಂದವು. ಮೂರು ದಿನ ಮರದಿಂದ ಮರಕ್ಕೆ ಅಟ್ಟಾಟ, ಅರಚಾಟ, ಕಚ್ಚಾಟ ನಡೆಯಿತು. ನಮ್ಮ ಹಳೆಯ ಗಂಡು ಕಿವಿ ಹರಿದುಕೊಂಡು, ಹಿಂಗಾಲು ಎಳೆಯುತ್ತ ಕಾಡಿನೊಳಕ್ಕೆ ಹೋಯಿತು. ಆಮೇಲೆ ಅದನ್ನು ನಾವು ನೋಡಿಲ್ಲ. ಬಂದ ಗಂಡುಗಳಲ್ಲಿ ಒಂದು ಮಾತ್ರ ಉಳಿದು, ತನ್ನ ಜೊತೆಗೆ ಬಂದ ಉಳಿದವನ್ನೂ ಓಡಿಸಿತು. ಇದಾದ ಹತ್ತು ದಿನಗಳೊಳಗೆ, ಮೈಬಣ್ಣ ಇನ್ನೂ ಕಪ್ಪಾಗಿಯೇ ಇದ್ದ ಒಂದು ಮರಿಯನ್ನು ಈ ಹೊಸ ಗಂಡು ತಾಯಿಯ ಮಡಿಲಿನಿಂದ ಕಿತ್ತುಕೊಂಡು ಹೊಟ್ಟೆಯ ಭಾಗಕ್ಕೆ ಕಚ್ಚಿತು. ಮರಿ ಅದೇ ಸಂಜೆ ಸತ್ತಿತು. ತಾಯಿ ಅದನ್ನು ನಾಲ್ಕು ದಿನ ಹೊತ್ತು ತಿರುಗಿ, ಒಣಗಿದ ದೇಹವನ್ನು ಕೊನೆಗೆ ಗುಡಿಯ ಕಟ್ಟೆಯ ಬಳಿ ಬಿಟ್ಟಿತು. ಊರವರು ಅದಕ್ಕೆ ಅರಿಸಿನ, ಕುಂಕುಮ ಹಚ್ಚಿ, ಹೊಸ ಬಟ್ಟೆ ಹೊದಿಸಿ ಮಣ್ಣು ಮಾಡಿದರು. ಮರುವಾರ ಇನ್ನೊಂದು ಮರಿ ಕಾಣೆಯಾಯಿತು. ಈಗ ಕಪ್ಪು ಮರಿ ಒಂದೇ ಉಳಿದಿದೆ.

ಊರಿನಲ್ಲಿ ಮೂರು ಮಾತುಗಳು ನಡೆದಿವೆ. ಇದು ಮಂಗನ ಕಾಯಿಲೆಯ ಲಕ್ಷಣ ಎಂದು ಕೆಲವರು ಹೇಳುತ್ತಾರೆ. ಕಾಡು ಕಡಿಮೆಯಾಗಿ ಪ್ರಾಣಿಗಳು ಒತ್ತೊತ್ತಾಗಿ ಬದುಕಬೇಕಾದದ್ದರಿಂದ ಅವುಗಳ ಬುದ್ಧಿ ಕೆಟ್ಟಿದೆ ಎಂದು ಇನ್ನು ಕೆಲವರು ವಾದಿಸುತ್ತಾರೆ. ಆ ಗಂಡನ್ನು ಹಿಡಿಸಿ ದೂರದ ಕಾಡಿಗೆ ಬಿಡಿಸಬೇಕು ಎಂಬುದು ಹೆಚ್ಚಿನವರ ಅಭಿಪ್ರಾಯ. ಅದಕ್ಕಾಗಿ ಅರ್ಜಿ ಕೊಡುವುದೆಂದು ಮಾತಾಗಿದ್ದು, ಅದನ್ನು ಬರೆದುಕೊಡುವಂತೆ ನನ್ನನ್ನೇ ಕೇಳಿದ್ದಾರೆ. ಮರಿಯ ಸಾವನ್ನು ಕಂಡ ಮಕ್ಕಳು ‘ಅದು ತನ್ನ ಜಾತಿಯ ಮರಿಯನ್ನೇ ಏಕೆ ಕೊಂದಿತು ಸರ್?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಪ್ರಾಣಿಗಳು ತಮ್ಮ ಕುಲವನ್ನು ಉಳಿಸಲು ಬದುಕುತ್ತವೆ ಎಂದು ನಾನೇ ಅವರಿಗೆ ಪಾಠ ಹೇಳಿದ್ದೆ. ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1 – ಪಶುವೈದ್ಯ, ಮಲೆನಾಡು

ಶಿಕ್ಷಕರೇ, ವರ್ತನೆಯ ವಿಚಾರವನ್ನು ಬಲ್ಲವರಿಗೆ ಬಿಟ್ಟು ನಾನು ಕಾಯಿಲೆಯ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಇದರಲ್ಲಿ ತಡ ಮಾಡುವಂತಿಲ್ಲ.

ಮೈಮೇಲೆ ಕೋರೆಹಲ್ಲಿನ ಗಾಯವಿದ್ದು, ಕಚ್ಚಿದ್ದನ್ನು ನೀವೇ ನೋಡಿರುವುದರಿಂದ ಆ ಮರಿಯ ಸಾವಿಗೆ ಮಂಗನ ಕಾಯಿಲೆ ಕಾರಣವಲ್ಲ. ಆ ಕಾಯಿಲೆ ಬಂದಾಗ ಎಳೆಯ ಮರಿಗಳನ್ನು ಮಾತ್ರ ಆರಿಸಿಕೊಳ್ಳುವುದಿಲ್ಲ. ಗಾಯವಿಲ್ಲದ ದೊಡ್ಡ ಮುಸುವಗಳೂ ಕೆಂಪು ಮೂತಿಯ ಮಂಗಗಳೂ ಮರದಡಿಯಲ್ಲಿ ಸತ್ತು ಬಿದ್ದಿರುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗ ಮೊದಲು ಗುರುತಿಗೆ ಬಂದದ್ದೇ ಹಾಗೆ ಸತ್ತ ಮಂಗಗಳಿಂದ ಮತ್ತು ಅದೇ ಕಾಲಕ್ಕೆ ಜ್ವರದಿಂದ ಮಲಗಿದ ಜನರಿಂದ.

ಆದರೂ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಸತ್ತ ಮಂಗನಿಗೆ ಸಂಸ್ಕಾರ ಮಾಡುವುದು ನಮ್ಮ ಹಳ್ಳಿಗಳ ಭಕ್ತಿಯ ರೀತಿ; ಅದನ್ನು ನಾನು ಗೌರವಿಸುತ್ತೇನೆ. ಆದರೆ ರೋಗದಿಂದ ಸತ್ತ ಮಂಗನ ಮೈಯಲ್ಲಿದ್ದ ಉಣುಗುಗಳು ದೇಹ ತಣ್ಣಗಾದ ಕೂಡಲೇ ಇಳಿದು ಸುತ್ತಲಿನ ತರಗೆಲೆಗಳಲ್ಲಿ ಹರಡಿಕೊಳ್ಳುತ್ತವೆ, ಮತ್ತು ಆ ಜಾಗಕ್ಕೆ ಬಂದವರಿಗೆ ಹತ್ತಿ ಕಚ್ಚಿದರೆ ರೋಗ ದಾಟುತ್ತದೆ. ಮಳೆ ನಿಂತ ಮೇಲಿನ ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ, ಅಂದರೆ ನೀವು ಬರೆದಿರುವ ತಿಂಗಳುಗಳಲ್ಲಿಯೇ ಇದರ ಕಾಟ ಹೆಚ್ಚು. ಉತ್ತರ ಕನ್ನಡ, ಶಿವಮೊಗ್ಗದ ಕಡೆ ನಾವು ಇದರಿಂದ ಬಹಳ ನೊಂದಿದ್ದೇವೆ. ಆದ್ದರಿಂದ ಇನ್ನು ಮುಂದೆ ಸತ್ತ ಮುಸುವ ಕಂಡರೆ ಯಾರೂ, ಅದರಲ್ಲೂ ಮಕ್ಕಳು, ಬರಿಗೈಯಲ್ಲಿ ಮುಟ್ಟಬಾರದು. ಆರೋಗ್ಯ ಕೇಂದ್ರಕ್ಕೋ ಪಶು ಆಸ್ಪತ್ರೆಗೋ ಅರಣ್ಯ ಸಿಬ್ಬಂದಿಗೋ ಮೊದಲು ತಿಳಿಸಬೇಕು. ಮಣ್ಣು ಮಾಡುವ ಕೆಲಸ ಆಮೇಲೆ ಆಗಲಿ. ಆ ಮರಿಯನ್ನು ಮುಟ್ಟಿದವರಲ್ಲಿ ಯಾರಿಗಾದರೂ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ ವೈದ್ಯರಿಗೆ ಈ ಸಂಗತಿಯನ್ನು ತಪ್ಪದೆ ಹೇಳಲಿ.

ಉತ್ತರ 2 – ವಾನರ ವೀಕ್ಷಕ

ಶಿಕ್ಷಕರೇ, ನೀವು ಕಂಡದ್ದನ್ನು ಜಗತ್ತಿಗೆ ಮೊದಲ ಬಾರಿಗೆ ವಿವರವಾಗಿ ತಿಳಿಸಿದ್ದು ನಿಮ್ಮ ಧಾರವಾಡದ ಸುತ್ತಲಿನ ಕಾಡೇ ಎಂಬುದು ನಿಮಗೆ ಆಶ್ಚರ್ಯವಾಗಬಹುದು. 1961ರಿಂದ 1963ರ ಅವಧಿಯಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಯುಕಿಮಾರು ಸುಗಿಯಾಮ ಅವರು ಧಾರವಾಡದ ಪಶ್ಚಿಮಕ್ಕಿರುವ ಎಲೆಯುದುರುವ ಕಾಡಿನಲ್ಲಿ ಮುಸುವಗಳನ್ನು ಅಭ್ಯಾಸ ಮಾಡಿದರು. ಕೆಂಜಿ ಯೋಶಿಬ ಮತ್ತು ನಮ್ಮವರೇ ಆದ ಎಂ. ಡಿ. ಪಾರ್ಥಸಾರಥಿ ಅವರ ಜೊತೆಗಿದ್ದರು. 1962ರಲ್ಲಿ ಅವರ ಕಣ್ಣೆದುರಿಗೇ ಗಂಡುಗಳ ಒಂದು ತಂಡ ಒಂದು ಗುಂಪಿನ ಮೇಲೆ ಬಿದ್ದು ಅದರ ಗಂಡನ್ನು ಓಡಿಸಿತು; ಬಂದವುಗಳಲ್ಲಿ ಒಂದು ಉಳಿದವನ್ನು ಅಟ್ಟಿ ತಾನೇ ಒಡೆಯನಾಯಿತು; ಮುಂದಿನ ವಾರಗಳಲ್ಲಿ ಗುಂಪಿನ ಎಳೆಯ ಮರಿಗಳು ಅದರ ಕಡಿತಕ್ಕೆ ಬಲಿಯಾದವು; ಮರಿ ಕಳೆದುಕೊಂಡ ತಾಯಂದಿರು ಬೇಗನೆ ಬೆದೆಗೆ ಬಂದು ಅದೇ ಗಂಡಿನೊಂದಿಗೆ ಕೂಡಿದವು. ನಿಮ್ಮ ಪ್ರಶ್ನೆಯನ್ನು ಓದುವಾಗ, ಅರವತ್ತು ವರ್ಷಗಳ ಹಿಂದಿನ ಆ ವರದಿಯನ್ನೇ ಯಾರೋ ಮತ್ತೆ ಬರೆದಂತೆ ನನಗೆ ಅನ್ನಿಸಿತು.

ಆ ಕಾಲಕ್ಕೆ ಈ ವರದಿಯನ್ನು ವಿದ್ವಾಂಸರು ಸುಲಭವಾಗಿ ಒಪ್ಪಲಿಲ್ಲ. ನೀವು ಮಕ್ಕಳಿಗೆ ಹೇಳಿದ ಪಾಠವನ್ನೇ, ಅಂದರೆ ಪ್ರಾಣಿಗಳ ವರ್ತನೆ ತಮ್ಮ ಕುಲದ ಒಳಿತಿಗಾಗಿ ಇರುತ್ತದೆ ಎಂಬುದನ್ನೇ, ಅಂದಿನ ಅನೇಕ ಜೀವವಿಜ್ಞಾನಿಗಳೂ ನಂಬಿದ್ದರು. ಆದ್ದರಿಂದ ನೀವು ತಪ್ಪು ಹೇಳಿಕೊಟ್ಟಿರೆಂದು ಕೊರಗಬೇಕಾಗಿಲ್ಲ. ಮರಿಗಳನ್ನು ಕೊಲ್ಲುವುದು ಕುಲಕ್ಕೆ ನಷ್ಟವೇ ಆದ್ದರಿಂದ, ಇದು ಒತ್ತೊತ್ತಾಗಿ ಬದುಕುವ ಪ್ರಾಣಿಗಳ ರೋಗಗ್ರಸ್ತ ವರ್ತನೆಯಾಗಿರಬೇಕು ಎಂದು ಹಲವರು ತೀರ್ಮಾನಿಸಿದರು. ಧಾರವಾಡದಲ್ಲಿ ಮುಸುವಗಳ ಸಂಖ್ಯೆ ನಿಜವಾಗಿಯೂ ಬಹಳ ದಟ್ಟವಾಗಿತ್ತು. ಅದಕ್ಕೆ ಮೊದಲು ಅಮೆರಿಕದ ಸಂಶೋಧಕಿ ಫಿಲ್ಲಿಸ್ ಜೇ ಅವರು, ದಟ್ಟಣೆ ಕಡಿಮೆಯಿದ್ದ ಕೌಕೋರಿ ಮತ್ತು ಓರ್ಛಾ ಎಂಬಲ್ಲಿ ನೋಡಿದ ಮುಸುವಗಳು ಶಾಂತವಾಗಿಯೇ ಬದುಕಿದ್ದವು. ನಿಮ್ಮ ಊರಿನ ಎರಡನೆಯ ಅಭಿಪ್ರಾಯಕ್ಕೆ ಹೀಗೆ ಒಂದು ಗೌರವಾರ್ಹ ಹಿನ್ನೆಲೆಯೇ ಇದೆ.

ಈ ದಟ್ಟಣೆಯ ವಿವರಣೆಯನ್ನು ಪರೀಕ್ಷಿಸಬೇಕೆಂದೇ ಅಮೆರಿಕದ ಸಾರಾ ಬ್ಲಾಫರ್ ಹರ್ಡಿ 1971ರಲ್ಲಿ ರಾಜಸ್ಥಾನದ ಮೌಂಟ್ ಅಬುವಿಗೆ ಬಂದರು. ಅಲ್ಲಿ ಅವರು ಕಂಡದ್ದು ಬೇರೆ. ಕೊಲ್ಲುತ್ತಿದ್ದುದು ಯಾವುದೋ ಸಿಟ್ಟಿಗೆದ್ದ ಪ್ರಾಣಿಯಲ್ಲ, ಹೊರಗಿನಿಂದ ಹೊಸದಾಗಿ ಬಂದ ಗಂಡು. ಸಾಯುತ್ತಿದ್ದುದು ಎದುರಿಗೆ ಸಿಕ್ಕ ಯಾವುದೋ ಮರಿಯಲ್ಲ, ಇನ್ನೂ ಹಾಲು ಕುಡಿಯುವ ಮರಿ. ಬುದ್ಧಿ ಕೆಟ್ಟ ಪ್ರಾಣಿಯಿಂದ ಇಂಥ ಆಯ್ಕೆಯನ್ನು ನಿರೀಕ್ಷಿಸಲಾಗದು. ಹಾಗಾದರೆ ಈ ವರ್ತನೆಯಿಂದ ಆ ಒಂದು ಗಂಡಿಗೆ ಏನಾದರೂ ಲಾಭವಿದೆಯೇ ಎಂದು ಅವರು ಕೇಳಿದರು. ಉತ್ತರ ಇರುವುದು ತಾಯಿಯ ಹಾಲಿನಲ್ಲಿ ಮತ್ತು ಗಂಡಿನ ಅಧಿಕಾರದ ಅವಧಿಯಲ್ಲಿ.

ಮರಿ ಮೊಲೆ ಚೀಪುತ್ತಿರುವಷ್ಟು ಕಾಲ ತಾಯಿಯ ದೇಹ ಮತ್ತೆ ಅಂಡವನ್ನು ಬಿಡುಗಡೆ ಮಾಡದಂತೆ ತಡೆಯುವ ವ್ಯವಸ್ಥೆ ಅನೇಕ ಸಸ್ತನಿಗಳಲ್ಲಿ ಇದೆ. ಮುಸುವದ ಮರಿ ಸುಮಾರು ಒಂದು ವರ್ಷ ಹಾಲು ಕುಡಿಯುತ್ತದೆ. ಗರ್ಭದ ಅವಧಿ ಸುಮಾರು 200 ದಿನಗಳು. ಇನ್ನೊಂದು ಕಡೆ, ಒಂದು ಗಂಡು ಗುಂಪಿನ ಒಡೆಯನಾಗಿ ಉಳಿಯುವುದು ಅಬುವಿನಲ್ಲಿ ಸರಾಸರಿ ಇಪ್ಪತ್ತೇಳು ತಿಂಗಳ ಆಸುಪಾಸು ಮಾತ್ರ. ಈಗ ಲೆಕ್ಕ ಹಾಕಿ ನೋಡಿ. ಎರಡು ತಿಂಗಳ ಮರಿಯಿರುವ ಹೆಣ್ಣಿಗಾಗಿ ಹೊಸ ಗಂಡು ಕಾದರೆ, ಮರಿ ಹಾಲು ಬಿಡುವುದಕ್ಕೆ ಹತ್ತು ತಿಂಗಳು, ಆಮೇಲೆ ಗರ್ಭಕ್ಕೆ ಏಳು ತಿಂಗಳು ಹೋಗುತ್ತವೆ. ಅದರ ಸ್ವಂತ ಮರಿ ಹುಟ್ಟುವಾಗ ಹದಿನೇಳು ತಿಂಗಳು ಕಳೆದಿರುತ್ತವೆ. ಮುಂದಿನ ಆಕ್ರಮಣಕಾರ ಬರುವ ಹೊತ್ತಿಗೆ ಆ ಮರಿಗೆ ಹತ್ತೇ ತಿಂಗಳಾಗಿದ್ದು, ಅದು ಇನ್ನೂ ತಾಯಿಯ ಮೊಲೆಯಲ್ಲೇ ಇರುತ್ತದೆ. ಕಾಯದೆ ಮರಿಯನ್ನು ಕೊಂದರೆ ತಾಯಿ ಕೆಲವೇ ವಾರಗಳಲ್ಲಿ ಬೆದೆಗೆ ಬರುತ್ತದೆ, ಎಂಟು ತಿಂಗಳಲ್ಲಿ ಹೊಸ ಮರಿ ಹುಟ್ಟುತ್ತದೆ, ಮತ್ತು ತಂದೆ ಸೋತು ಓಡುವ ದಿನಕ್ಕೆ ಆ ಮರಿಗೆ ಒಂದೂವರೆ ವರ್ಷ ದಾಟಿರುತ್ತದೆ. ಕಾದ ಗಂಡುಗಳ ಸಂತಾನ ಕಡಿಮೆ ಉಳಿಯಿತು, ಕಾಯದವುಗಳ ಸಂತಾನ ಹೆಚ್ಚು ಉಳಿಯಿತು. ತಲೆಮಾರುಗಳು ಕಳೆದಂತೆ ಕಾಯದಿರುವ ಸ್ವಭಾವವೇ ಹರಡಿತು.

ಆ ಗಂಡು ಈ ಲೆಕ್ಕವನ್ನು ತಲೆಯಲ್ಲಿ ಹಾಕುತ್ತದೆ ಎಂದು ಮಾತ್ರ ಯಾರೂ ತಿಳಿಯಬಾರದು. ತಾನು ಹಿಂದೆಂದೂ ಕೂಡದ ಹೆಣ್ಣಿನ ಮಡಿಲಲ್ಲಿ ಎಳೆಯ ಮರಿ ಕಂಡರೆ ಮೈಮೇಲೆ ಬೀಳುವ ಪ್ರವೃತ್ತಿ ಅದರಲ್ಲಿದೆ, ಅಷ್ಟೆ. ಜೇಡ ಜ್ಯಾಮಿತಿ ಕಲಿಯದೆಯೇ ಬಲೆ ನೇಯುತ್ತದೆ. ನಿಮ್ಮ ಮಕ್ಕಳಿಗೆ ಇದನ್ನು ಹೇಳುವಾಗ ‘ದುಷ್ಟ ಗಂಡು’ ಎಂಬ ಮಾತು ಬಾರದಂತೆ ನೋಡಿಕೊಳ್ಳಬೇಕೆಂದು ನನ್ನ ವಿನಂತಿ. ಇಂದು ಓಡಿಹೋದ ಹಳೆಯ ಗಂಡು ಕೂಡ ತಾನು ಬಂದ ದಿನಗಳಲ್ಲಿ ಬಹುಶಃ ಹೀಗೆಯೇ ನಡೆದುಕೊಂಡಿತ್ತು.

ಅರ್ಜಿಯ ವಿಚಾರಕ್ಕೆ ಬರುತ್ತೇನೆ. ನಾನು ಬರೆಯಲು ಕುಳಿತದ್ದೇ ಅದಕ್ಕಾಗಿ. ದಯವಿಟ್ಟು ಆ ಅರ್ಜಿಯನ್ನು ಬರೆಯಬೇಡಿ. ಸುಗಿಯಾಮ ಅವರು ಧಾರವಾಡದಲ್ಲಿ ಒಂದು ಪ್ರಯೋಗವನ್ನೂ ಮಾಡಿದ್ದರು. ಶಾಂತವಾಗಿದ್ದ ಇನ್ನೊಂದು ಗುಂಪಿನಿಂದ ಅದರ ಒಂದೇ ಒಂದು ದೊಡ್ಡ ಗಂಡನ್ನು ಹಿಡಿದು ತೆಗೆದುಬಿಟ್ಟರು. ರಕ್ಷಕನಿಲ್ಲದ ಆ ಗುಂಪಿಗೆ ಪಕ್ಕದ ಗುಂಪಿನ ಗಂಡು ಬಂದಿತು, ಮತ್ತು ಅಲ್ಲಿಯೂ ಮರಿಗಳು ಕಚ್ಚಿಸಿಕೊಂಡು ಸತ್ತವು. ನಿಮ್ಮ ಊರಿನವರು ಮಾಡಹೊರಟಿರುವುದು ಅಕ್ಷರಶಃ ಅದೇ ಪ್ರಯೋಗ. ಈ ಗಂಡು ಹೋದರೆ ತೋಪು ಖಾಲಿ ಉಳಿಯುವುದಿಲ್ಲ. ಕಾಡಿನ ಕಡೆಯಿಂದ ಐದಾರು ಗಂಡುಗಳು ಬಂದಿದ್ದವೆಂದು ನೀವೇ ಬರೆದಿದ್ದೀರಿ. ಇನ್ನೊಂದು ಬರುತ್ತದೆ, ಉಳಿದ ಆ ಒಂದು ಕಪ್ಪು ಮರಿಯೂ, ಈಗ ಗಬ್ಬವಾಗುತ್ತಿರುವ ಹೆಣ್ಣುಗಳ ಮುಂದಿನ ಮರಿಗಳೂ ಮತ್ತೊಮ್ಮೆ ಅಪಾಯಕ್ಕೆ ಸಿಗುತ್ತವೆ.

ಉತ್ತರ 3 – ಜೋಧಪುರದಲ್ಲಿರುವ ಕನ್ನಡಿಗ

ವಾನರ ವೀಕ್ಷಕರ ವಿವರಣೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ವಿರೋಧದ ವಾದವನ್ನು ಅವರು ತುಸು ಬೇಗ ಮುಗಿಸಿದರೆಂದು ನನಗೆ ತೋರುತ್ತದೆ.

ನಾನಿರುವ ಜೋಧಪುರದ ಸುತ್ತಲಿನ ಮುಸುವಗಳ ಮೇಲೂ ದಶಕಗಳ ಅಧ್ಯಯನ ನಡೆದಿದೆ. ಎಸ್. ಎಂ. ಮೊಹ್ನೋತ್ ಅವರು 1971ರಲ್ಲೇ ಇಲ್ಲಿಯ ಮರಿಹತ್ಯೆಯನ್ನು ವರದಿ ಮಾಡಿದ್ದರು. ಆದರೆ ಜೋಧಪುರವಾಗಲಿ ಅಬುವಾಗಲಿ ಧಾರವಾಡವಾಗಲಿ, ಮನುಷ್ಯರ ನೆರಳು ಬೀಳದ ಜಾಗಗಳಲ್ಲ. ಇಲ್ಲಿಯ ಮುಸುವಗಳಿಗೆ ಭಕ್ತರು ದಿನವೂ ರೊಟ್ಟಿ, ಕಡಲೆ, ಹಣ್ಣು ಹಾಕುತ್ತಾರೆ; ಹುಲಿ, ಚಿರತೆಗಳ ಭಯ ಕಡಿಮೆ; ಹೀಗಾಗಿ ಒಂದೇ ಗಂಡು ಒಂದು ದೊಡ್ಡ ಗುಂಪನ್ನು ಆಳಲು ಸಾಧ್ಯವಾಗುತ್ತದೆ, ಹೊರಗೆ ಹತಾಶ ಗಂಡುಗಳ ತಂಡಗಳು ಬೆಳೆಯುತ್ತವೆ. ಒಂದು ಗುಂಪಿನಲ್ಲಿ ಹಲವು ಗಂಡುಗಳು ಕೂಡಿ ಬಾಳುವ ಕಡೆಗಳಲ್ಲಿ ಇಂಥ ಹಠಾತ್ ಅಧಿಕಾರ ಬದಲಾವಣೆಯೇ ಅಪರೂಪ. 1990ರ ದಶಕದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ಸಸ್ಮನ್ ಮತ್ತು ಅವರ ಸಂಗಡಿಗರು ಇದೇ ಆಕ್ಷೇಪವನ್ನು ಎತ್ತಿದರು. ಕೊಂದದ್ದನ್ನು ನೇರವಾಗಿ ಕಂಡ ಪ್ರಸಂಗಗಳು ಬಹಳ ಕಡಿಮೆ, ಹೆಚ್ಚಿನವು ಮರಿ ಕಾಣೆಯಾದುದರ ಮೇಲೆ ಕಟ್ಟಿದ ಊಹೆಗಳು, ಮತ್ತು ಮರಿಗಳು ಗಂಡುಗಳ ಕಾದಾಟದ ನಡುವೆ ಸಿಕ್ಕಿ ಸತ್ತಿರಬಹುದು ಎಂದು ಅವರು ಹೇಳಿದರು. ಶಿಕ್ಷಕರ ಎರಡನೆಯ ಮರಿಯ ವಿಚಾರದಲ್ಲೂ ನಾವು ಇದೇ ಎಚ್ಚರವನ್ನು ಇಟ್ಟುಕೊಳ್ಳಬೇಕು. ಅದು ಕಾಣೆಯಾಗಿದೆ, ಕೊಲೆಯಾದುದನ್ನು ಯಾರೂ ನೋಡಿಲ್ಲ. ನಾಯಿ ಹಿಡಿದಿರಬಹುದು, ವಿದ್ಯುತ್ ತಂತಿ ತಗುಲಿರಬಹುದು.

ಆದರೂ ನಾನು ಕೊನೆಗೆ ಹರ್ಡಿಯವರ ಕಡೆಗೇ ವಾಲಿದ್ದೇನೆ. ಕಾರಣ, 1999ರಲ್ಲಿ ಪ್ರಕಟವಾದ ನೇಪಾಳದ ರಾಮನಗರದ ಅಧ್ಯಯನ. ಕರೋಲಾ ಬೋರಿಸ್ ಮತ್ತು ಸಂಗಡಿಗರು ಅಲ್ಲಿಯ ಕಾಡಿನ ಮುಸುವಗಳ ಮಲದಿಂದ ಡಿಎನ್‌ಎ ತೆಗೆದು ಯಾವ ಮರಿಗೆ ಯಾವ ಗಂಡು ತಂದೆ ಎಂದು ಪರೀಕ್ಷಿಸಿದರು. ಮರಿಗಳ ಮೇಲೆ ಬಿದ್ದ ಗಂಡುಗಳಲ್ಲಿ ಒಂದೂ ಆ ಮರಿಗಳ ತಂದೆಯಾಗಿರಲಿಲ್ಲ. ಅದೇ ತಾಯಂದಿರಿಗೆ ಆಮೇಲೆ ಹುಟ್ಟಿದ ಮರಿಗಳಿಗೆ ಆ ಗಂಡುಗಳೇ ತಂದೆಯಾಗಿರುವ ಸಾಧ್ಯತೆ ಕಂಡುಬಂತು. ಕಾದಾಟದ ನಡುವೆ ಆಕಸ್ಮಿಕವಾಗಿ ಸತ್ತಿದ್ದರೆ, ತಂದೆಯ ಕೈಯಲ್ಲೂ ಅಷ್ಟಿಷ್ಟು ಮರಿಗಳು ಸಾಯಬೇಕಿತ್ತಲ್ಲವೇ? ದಟ್ಟಣೆ ಈ ಪ್ರಸಂಗಗಳನ್ನು ಪದೇ ಪದೇ ತರಬಹುದು, ಆದರೆ ಆ ಪ್ರವೃತ್ತಿಯನ್ನು ದಟ್ಟಣೆ ಹುಟ್ಟಿಸಿದ್ದಲ್ಲ ಎಂಬುದು ನನ್ನ ತಿಳಿವಳಿಕೆ. ಗುಡಿಯ ಮುಂದೆ ಶನಿವಾರದ ತಿಂಡಿ ಹಾಕುವುದನ್ನು ಕಡಿಮೆ ಮಾಡುವಂತೆ ಊರಿನವರ ಮನವೊಲಿಸಲು ಸಾಧ್ಯವಾದರೆ ಅದನ್ನು ಮಾಡಿ. ಗಂಡನ್ನು ಹಿಡಿಸುವುದಕ್ಕಿಂತ ಅದು ಎಷ್ಟೋ ಮೇಲು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ನಾನು ಋಣಿ. ಊರಿನ ಹಿರಿಯರೊಂದಿಗೆ ನಿನ್ನೆ ಮಾತನಾಡಿ ಧಾರವಾಡದ ಪ್ರಯೋಗದ ಸಂಗತಿಯನ್ನು ಹೇಳಿದೆ. ಅರ್ಜಿ ಸದ್ಯಕ್ಕೆ ನಿಂತಿದೆ. ಮರಿಯನ್ನು ಮುಟ್ಟಿದವರೆಲ್ಲ ಆರೋಗ್ಯವಾಗಿದ್ದಾರೆ. ಎರಡನೆಯ ಮರಿಯ ಬಗ್ಗೆ ಹೇಳಿದ ಮಾತು ಸರಿಯಾದದ್ದು, ನನ್ನ ಪಟ್ಟಿಯಲ್ಲಿ ಅದನ್ನು ‘ಕಾಣೆ’ ಎಂದೇ ಬರೆದುಕೊಂಡಿದ್ದೇನೆ.

ಆದರೆ ಐದನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ನನಗೆ ಇನ್ನೂ ಉತ್ತರ ಸಿಕ್ಕಿಲ್ಲ. ಹೆಣ್ಣುಗಳು ಒಂಬತ್ತಿವೆ, ಗಂಡು ಒಂದೇ. ಎಲ್ಲವೂ ಸೇರಿ ಅದನ್ನು ಓಡಿಸಬಾರದೇಕೆ, ಕನಿಷ್ಠ ತನ್ನ ಮರಿಯನ್ನು ಕೊಂದದ್ದರ ಜೊತೆ ತಾಯಿ ಕೂಡದೆ ಇರಬಾರದೇಕೆ ಎಂದು ಅವಳು ಕೇಳಿದಳು. ಇನ್ನೊಂದು ವಿಚಿತ್ರವನ್ನೂ ಗಮನಿಸಿದ್ದೇನೆ. ಹೊಟ್ಟೆ ದಪ್ಪವಾಗಿ, ಖಂಡಿತ ಗಬ್ಬವಾಗಿದೆ ಎಂದು ನಾವೆಲ್ಲ ತಿಳಿದಿದ್ದ ಹೆಣ್ಣೊಂದು ಮೊನ್ನೆ ಈ ಹೊಸ ಗಂಡಿನ ಮುಂದೆ ಬಾಲ ಇಳಿಸಿ, ತಲೆಯನ್ನು ಗಡಗಡ ಅಲ್ಲಾಡಿಸಿ ಅದನ್ನು ಕರೆಯಿತು. ಗಬ್ಬವಾದ ಪ್ರಾಣಿ ಬೆದೆಗೆ ಬರುವುದುಂಟೇ?

ಉತ್ತರ 4 – ಪ್ರಾಣಿಶಾಸ್ತ್ರದ ನಿವೃತ್ತ ಅಧ್ಯಾಪಕಿ

ಶಿಕ್ಷಕರೇ, ಮೊದಲು ಆ ಹುಡುಗಿಗೆ ನನ್ನ ಮೆಚ್ಚುಗೆಯನ್ನು ತಿಳಿಸಿ. ಈ ವಿಷಯದಲ್ಲಿ ದೀರ್ಘಕಾಲ ಎಲ್ಲರೂ ಗಂಡಿನ ಕಥೆಯನ್ನೇ ಹೇಳಿದರು. ಹೆಣ್ಣು ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಹರ್ಡಿ ಅವರಂಥವರು ಹಟ ಹಿಡಿದು ಕೇಳಿದ ಮೇಲೆಯೇ ಅರ್ಧ ಚಿತ್ರ ಪೂರ್ಣವಾಯಿತು.

ನೀವು ‘ವಿಚಿತ್ರ’ ಎಂದು ಬರೆದದ್ದೇ ಹೆಣ್ಣಿನ ಅತ್ಯಂತ ಜಾಣ ಉಪಾಯ. ಮುಸುವದ ಹೆಣ್ಣಿಗೆ ಬೆದೆ ಬಂದಾಗ, ಕೆಲವು ಬೇರೆ ವಾನರಗಳಲ್ಲಿ ಕಾಣುವಂತೆ, ಹಿಂಭಾಗ ಊದಿಕೊಂಡು ಕೆಂಪಾಗುವುದಿಲ್ಲ. ತಲೆ ಅಲ್ಲಾಡಿಸುವುದು, ಬಾಲ ಇಳಿಸಿ ಬೆನ್ನು ತೋರುವುದು, ಇವೇ ಅದರ ಕರೆಯ ಗುರುತುಗಳು. ಅಂದರೆ ಅಂಡ ಬಿಡುಗಡೆಯಾದ ದಿನ ಯಾವುದು ಎಂಬುದು ಗಂಡಿಗೆ ಕಣ್ಣಿನಿಂದ ತಿಳಿಯುವುದಿಲ್ಲ. ಈ ಗುಟ್ಟನ್ನು ಹೆಣ್ಣು ಬಳಸಿಕೊಳ್ಳುತ್ತದೆ. ಹೊಸ ಗಂಡು ಬಂದಾಗ, ಹಳೆಯ ಗಂಡಿನಿಂದ ಆಗಲೇ ಗಬ್ಬವಾಗಿರುವ ಹೆಣ್ಣೂ ಬೆದೆಯ ಲಕ್ಷಣ ತೋರಿಸಿ ಅದರೊಂದಿಗೆ ಕೂಡುತ್ತದೆ. ತಾನು ಕೂಡಿದ ಹೆಣ್ಣಿಗೆ ಹುಟ್ಟಿದ ಮರಿಯ ಮೇಲೆ ಬೀಳದಿರುವುದೇ ಗಂಡಿನ ಪ್ರವೃತ್ತಿಯಾಗಿರುವುದರಿಂದ, ಆ ಮರಿ ಬದುಕುಳಿಯುವ ಸಾಧ್ಯತೆ ಹೆಚ್ಚುತ್ತದೆ. ಗಂಡು ಬಂದ ಹೊಸತರಲ್ಲೇ ಹುಟ್ಟಿದ ಮರಿಯನ್ನು ಈ ಉಪಾಯ ಕಾಪಾಡಲಾರದು, ತಡವಾಗಿ ಹುಟ್ಟಿದ್ದನ್ನು ಕಾಪಾಡೀತು. ಆದ್ದರಿಂದ ನಿಮ್ಮ ಆ ಹೆಣ್ಣು ಎಂದು ಈಯುತ್ತದೆ, ಮತ್ತು ಗಂಡು ಆ ಮರಿಯ ಬಳಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ದಿನಾಂಕ ಸಹಿತ ಬರೆದಿಡಿ.

ಕೂಡಿ ಹೋರಾಡುವುದಿಲ್ಲವೇ ಎಂಬ ಪ್ರಶ್ನೆಗೆ, ಹೋರಾಡುತ್ತವೆ ಎಂಬುದೇ ಉತ್ತರ. ಅಬುವಿನಲ್ಲಿ ಹರ್ಡಿ ಅವರು ಸೋಲ್ ಎಂದು ಹೆಸರಿಟ್ಟಿದ್ದ ಒಂದು ಮುದಿ ಹೆಣ್ಣು ಇತ್ತು. ಅದಕ್ಕೆ ಸ್ವಂತ ಮರಿಯಿರಲಿಲ್ಲ, ಗುಂಪಿನ ಅಂಚಿನಲ್ಲಿ ಒಂಟಿಯಾಗಿ ತಿರುಗುತ್ತಿತ್ತು. ಗಂಡು ಒಂದು ಮರಿಯ ಮೇಲೆ ಬಿದ್ದಾಗ, ಚೂಪಾದ ಕೋರೆಹಲ್ಲುಗಳ ಆ ಬಲಿಷ್ಠ ಪ್ರಾಣಿಯ ಮೇಲೆ ಏರಿಹೋದವುಗಳಲ್ಲಿ ಸೋಲ್ ಮುಂದಿತ್ತು. ಮುಸುವದ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಕೊನೆಯವರೆಗೆ ಉಳಿಯುತ್ತವೆ, ಹೊರಹೋಗುವುದು ಗಂಡುಗಳು. ಆದ್ದರಿಂದ ಒಂದು ಗುಂಪಿನ ಹೆಣ್ಣುಗಳೆಂದರೆ ಅಜ್ಜಿ, ತಾಯಿ, ಮಗಳು, ಅಕ್ಕ, ತಂಗಿ, ಚಿಕ್ಕಮ್ಮಂದಿರು. ತಾನು ಇನ್ನು ಹೆರಲಾರದ ಅಜ್ಜಿಗೆ ಮೊಮ್ಮಗುವನ್ನು ಕಾಯುವುದೇ ತನ್ನ ರಕ್ತವನ್ನು ಉಳಿಸುವ ದಾರಿ. ಹುಟ್ಟಿದ ದಿನದಿಂದಲೇ ಮುಸುವದ ಮರಿ ಮಡಿಲಿಂದ ಮಡಿಲಿಗೆ ಹೋಗುವುದನ್ನು ನಿಮ್ಮ ಮಕ್ಕಳು ಖಂಡಿತ ನೋಡಿರುತ್ತಾರೆ. ಆ ಬಳಗವೇ ಗಂಡಿನ ಎದುರು ನಿಲ್ಲುವ ಬಳಗ. ಆದರೆ ಗಂಡು ಹೆಣ್ಣಿಗಿಂತ ಬಹಳ ತೂಕದ್ದು, ಅದರ ಕೋರೆಹಲ್ಲು ಉದ್ದ, ಮತ್ತು ಅದು ದಿನಗಟ್ಟಲೆ ಹೊಂಚು ಹಾಕಬಲ್ಲದು. ಹೆಣ್ಣುಗಳು ಮೇಯಬೇಕು, ನಿದ್ರೆ ಮಾಡಬೇಕು. ಹತ್ತು ಸಲ ತಡೆದರೂ ಹನ್ನೊಂದನೆಯ ಸಲ ಅದಕ್ಕೆ ಸಾಕು.

ಮರಿ ಸತ್ತ ಮೇಲೆ ತಾಯಿ ಅದೇ ಗಂಡಿನೊಂದಿಗೆ ಏಕೆ ಕೂಡುತ್ತದೆ ಎಂಬುದು ನಮ್ಮ ಮನಸ್ಸಿಗೆ ಅತ್ಯಂತ ಕಠಿಣವಾದ ಭಾಗ. ಒಂಬತ್ತೂ ಹೆಣ್ಣುಗಳು ಒಟ್ಟಾಗಿ ನಿರಾಕರಿಸಿದರೆ ಕೊಲ್ಲುವ ಗಂಡಿನ ವಂಶ ಅಲ್ಲಿಗೇ ಮುಗಿಯಬಹುದು. ಆದರೆ ಅವುಗಳಲ್ಲಿ ಒಂದೇ ಒಂದು ಕೂಡಿದರೂ ಆ ಒಂದರ ಮರಿ ಮುಂದಿನ ವರ್ಷ ತೋಪಿನಲ್ಲಿರುತ್ತದೆ, ಹಟ ಹಿಡಿದವುಗಳ ಮಡಿಲು ಖಾಲಿಯಿರುತ್ತದೆ. ಗುಂಪು ಬಿಟ್ಟು ಹೋಗೋಣವೆಂದರೆ ಅಕ್ಕತಂಗಿಯರೂ, ಪರಿಚಿತ ಮರಗಳೂ, ನೀರಿನ ಜಾಗವೂ ಕೈತಪ್ಪುತ್ತವೆ. ಕೆಲವು ತಾಯಂದಿರು ದೊಡ್ಡ ಮರಿಯೊಂದಿಗೆ ಗುಂಪಿನಿಂದ ದೂರ ಸರಿದು, ಓಡಿಸಲ್ಪಟ್ಟ ಹಳೆಯ ಗಂಡಿನ ಬಳಿ ಕೆಲಕಾಲ ಇರುವುದೂ ಉಂಟು. ಉಳಿದ ಕಪ್ಪು ಮರಿಯ ತಾಯಿ ಒಂದೆರಡು ದಿನ ಕಾಣಿಸದಿದ್ದರೆ ಗಾಬರಿಯಾಗಬೇಡಿ.

ಮುಸುವವನ್ನು ಮಾತ್ರ ನೋಡಿ ತೀರ್ಪು ಕೊಡಬಾರದೆಂದು ಇನ್ನೆರಡು ಮಾತು. ಆಫ್ರಿಕಾದ ಸೆರೆಂಗೆಟಿಯಲ್ಲಿ ಹೊಸ ಗಂಡು ಸಿಂಹಗಳು ಬಂದಾಗಲೂ ಮರಿಗಳು ಸಾಯುತ್ತವೆ. ನಮ್ಮ ಗಿರ್ ಕಾಡಿನ ಹೆಣ್ಣು ಸಿಂಹಗಳು ಒಂದಕ್ಕೊಂದು ವೈರಿಗಳಾದ ಹಲವು ಗಂಡು ತಂಡಗಳೊಂದಿಗೆ ಕೂಡಿ, ಮರಿ ಯಾರದೆಂಬುದು ಯಾರಿಗೂ ಖಚಿತವಾಗದಂತೆ ಮಾಡುತ್ತವೆ ಎಂದು ಸ್ತೋತ್ರ ಚಕ್ರಬರ್ತಿ ಮತ್ತು ಯಾದವೇಂದ್ರದೇವ್ ಝಾಲಾ ಅವರು 2019ರಲ್ಲಿ ವರದಿ ಮಾಡಿದ್ದಾರೆ. ಇಥಿಯೋಪಿಯಾದ ಬೆಟ್ಟಗಳ ಗೆಲಾಡ ವಾನರಗಳದ್ದು ಇನ್ನೂ ಕಠೋರವಾದ ದಾರಿ. ಹೊಸ ಗಂಡು ಅಧಿಕಾರಕ್ಕೆ ಬಂದ ವಾರಗಳಲ್ಲಿ ಗಬ್ಬವಾಗಿದ್ದ ಹೆಣ್ಣುಗಳಲ್ಲಿ ಶೇ. 80ರಷ್ಟರ ಗರ್ಭ ತಾನಾಗಿಯೇ ಇಳಿದುಹೋಗುತ್ತದೆಂದು 2012ರ ಒಂದು ಅಧ್ಯಯನ ತೋರಿಸಿತು. ಹುಟ್ಟಿದ ಮೇಲೆ ಕೊಲ್ಲಲ್ಪಡುವ ಮರಿಗಾಗಿ ತಿಂಗಳುಗಟ್ಟಲೆ ದೇಹವನ್ನು ಸವೆಸುವುದಕ್ಕಿಂತ ಅಲ್ಲಿಗೇ ನಿಲ್ಲಿಸುವುದು ಆ ತಾಯಿಯ ದೇಹಕ್ಕೆ ಕಡಿಮೆ ನಷ್ಟ.

ಹುಡುಗಿಗೆ ಇದನ್ನೆಲ್ಲ ಹೇಗೆ ಹೇಳುವುದು ಎಂದು ನೀವು ಯೋಚಿಸುತ್ತಿರಬಹುದು. ಐದನೆಯ ತರಗತಿಯವಳಿಗೆ ಗರ್ಭ, ಬೆದೆಗಳ ಮಾತು ಬೇಕಾಗಿಲ್ಲ. ತಾಯಿ ತನ್ನ ಮುಂದಿನ ಮರಿಯನ್ನು ಬದುಕಿಸುವ ದಾರಿ ಹುಡುಕುತ್ತಿದೆ, ಅಜ್ಜಿ ಅವಳಿಗೆ ನೆರವಾಗುತ್ತಿದೆ ಎಂದರೆ ಸಾಕು. ಅದು ಸುಳ್ಳೂ ಅಲ್ಲ.

ಉತ್ತರ 5 – ಕಲಘಟಗಿಯ ರೈತ

ಓದಿದವರ ಮಾತುಗಳ ನಡುವೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಊರಿನಲ್ಲಿ ಬೆಳೆ ಹಾಳುಮಾಡುತ್ತವೆಂದು ಹೊರಗಿನಿಂದ ಹಿಡಿಯುವವರನ್ನು ಕರೆಸಿ, ಬೋನಿಗೆ ಸಿಕ್ಕ ಎರಡು ದೊಡ್ಡ ಗಂಡು ಮುಸುವಗಳನ್ನು ಸಾಗಿಸಿದೆವು. ಹಿಡಿಯಲು ಅನುಮತಿ ಬೇಕು, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧವಾಗುತ್ತದೆ ಎಂಬುದು ನಮಗೆ ಆಮೇಲೆ ತಿಳಿಯಿತು. ಆ ತಪ್ಪನ್ನು ನಾನು ಒಪ್ಪಿಕೊಳ್ಳುತ್ತೇನೆ. ಬೆಳೆಯ ಹಾನಿ ಒಂದಿಷ್ಟೂ ಕಡಿಮೆಯಾಗಲಿಲ್ಲ. ಬದಲಾಗಿ ಆ ಬೇಸಿಗೆ ಪೂರ್ತಿ ಹೊಸ ಗಂಡುಗಳ ಕಾದಾಟ ನಡೆಯಿತು, ಮನೆಗಳ ಹೆಂಚು ಒಡೆದವು, ಸತ್ತ ಮರಿಗಳನ್ನು ಎತ್ತಿಕೊಂಡ ತಾಯಂದಿರು ನಮ್ಮ ಕಣದ ಬೇವಿನ ಮರದಲ್ಲಿ ಕುಳಿತಿರುತ್ತಿದ್ದವು. ನನ್ನ ತಾಯಿ ಅದನ್ನು ನೋಡಲಾಗದೆ ಆ ಕಡೆಯ ಕಿಟಕಿಯನ್ನೇ ಮುಚ್ಚಿಸಿದರು. ಮರಿಗಳು ಏಕೆ ಸತ್ತವೆಂದು ಅಂದು ನಮಗೆ ಹೊಳೆಯಲಿಲ್ಲ. ಇಂದು ವಾನರ ವೀಕ್ಷಕರು ಬರೆದ ಪ್ರಯೋಗದ ಮಾತನ್ನು ಓದಿದಾಗ ಗಂಟಲು ಕಟ್ಟಿತು. ಶಿಕ್ಷಕರೇ, ಅರ್ಜಿ ‘ಸದ್ಯಕ್ಕೆ’ ನಿಂತಿದೆ ಎಂದು ಬರೆದಿದ್ದೀರಿ. ಊರ ಸಭೆ ಕರೆಯುವುದಾದರೆ ನಾನು ಬಂದು ನಮ್ಮ ಊರಿನಲ್ಲಿ ಆದದ್ದನ್ನು ಎಲ್ಲರ ಮುಂದೆ ಹೇಳಲು ಸಿದ್ಧನಿದ್ದೇನೆ.

ಪ್ರಶ್ನೆ ಕೇಳಿದವರಿಂದ, ಜೂನ್ ಮೊದಲ ವಾರ

ಕಲಘಟಗಿಯ ಹಿರಿಯರು ಏಪ್ರಿಲ್‌ನಲ್ಲಿ ನಮ್ಮ ಊರಿಗೆ ಬಂದು ಗುಡಿಯ ಕಟ್ಟೆಯ ಮೇಲೆ ಕುಳಿತು ಮಾತನಾಡಿದರು. ಅರ್ಜಿಯನ್ನು ಕೈಬಿಡಲಾಗಿದೆ. ತಿಂಡಿ ಹಾಕುವುದನ್ನು ನಿಲ್ಲಿಸಲು ಕೆಲವರು ಒಪ್ಪಿದ್ದಾರೆ, ಕೆಲವರು ಒಪ್ಪಿಲ್ಲ.

ಉಳಿದಿದ್ದ ಕಪ್ಪು ಮರಿಯ ತಾಯಿ ಮಾರ್ಚ್ ಕೊನೆಯಲ್ಲಿ ಹನ್ನೆರಡು ದಿನ ತೋಪಿನಲ್ಲಿ ಕಾಣಲಿಲ್ಲ. ಮರಳಿ ಬಂದಾಗ ಮರಿ ಅದರ ಜೊತೆಗೇ ಇತ್ತು. ಆ ಮರಿಯ ಮೈ ಈಗ ಬೂದುಬಣ್ಣಕ್ಕೆ ತಿರುಗಿದೆ. ತಲೆ ಅಲ್ಲಾಡಿಸಿ ಕರೆದಿದ್ದ ಹೆಣ್ಣು ಮೇ 19ರಂದು ಈದಿದೆ. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಮತ್ತು ಸಂಜೆ ಅರ್ಧ ಗಂಟೆ ನೋಡಿ ಬರೆಯುತ್ತಿದ್ದೇವೆ. ರಜೆಯಲ್ಲೂ ಆ ಹುಡುಗಿ ತಪ್ಪದೆ ಬಂದಿದ್ದಾಳೆ. ಇಲ್ಲಿಯವರೆಗಿನ ಹದಿನಾರು ದಿನಗಳಲ್ಲಿ ಗಂಡು ಆ ತಾಯಿಯ ಪಕ್ಕದ ಕೊಂಬೆಯಲ್ಲಿ ಕುಳಿತದ್ದನ್ನು ಏಳು ಸಲ ಕಂಡಿದ್ದೇವೆ. ಒಮ್ಮೆ ಮರಿ ಅದರ ಬಾಲವನ್ನು ಹಿಡಿದು ಎಳೆಯಿತು. ಗಂಡು ತಿರುಗಿ ನೋಡಿ, ಮತ್ತೆ ಹುಣಸೆಯ ಚಿಗುರು ತಿನ್ನತೊಡಗಿತು.